ಅಡಿಕೆ ತೋಟದಿಂದ ಮನಿ ಪ್ಲಾಂಟ್ ಇಳಿಸಿದ್ದು

ಮನಿ ಪ್ಲಾಂಟನ್ನು ಕಳೆ ಎಂದರೆ ನಮ್ಮೂರಿನ ಹೆಂಗಸರಿಗೆ ಸಿಟ್ಟು ಬರುತ್ತದೆ. ಕದ್ದು ತಂದು ನೆಟ್ಟರೆ ದುಡ್ಡು ಕೂಡುತ್ತದೆ ಎಂಬ ನಂಬಿಕೆಯಿಂದ ಮನೆಮನೆಗೆ ಬಂದ ಬಳ್ಳಿ ಅದು. ಕಿಟಕಿಯ ಬಾಟಲಿಯಲ್ಲಿ ಇರುವಷ್ಟು ದಿನ ಯಾರ ತಂಟೆಗೂ ಬರುವುದಿಲ್ಲ. ಉದ್ದವಾಯಿತೆಂದು ಕತ್ತರಿಸಿ ಬೇಲಿಯಾಚೆ ಎಸೆಯುತ್ತಾರಲ್ಲ, ತೊಂದರೆ ಅಲ್ಲಿಂದ ಶುರು. ಶಿರಸಿ ಸೀಮೆಯ ನಮ್ಮ ಅಡಿಕೆ ತೋಟದ ಹಳ್ಳದ ದಂಡೆಯಲ್ಲಿ ಅದು ನೆಲ ಕಾಣದಂತೆ ಹಾಸಿಕೊಂಡಿತ್ತು. ಹಲಸು, ಮತ್ತಿ ಮರಗಳನ್ನು ಏರಿ, ಕಾಳುಮೆಣಸು ಹಬ್ಬಿಸಿದ ಅಡಿಕೆ ಮರಗಳಿಗೂ ಕೈ ಹಾಕಿತ್ತು.

ಮರ ಹತ್ತಿದ ಮೇಲೆ ಅದರ ಗುರುತೇ ಹತ್ತುವುದಿಲ್ಲ. ಬಾಟಲಿಯಲ್ಲಿ ಅಂಗೈಯಗಲ ಇದ್ದ ಎಲೆ ಮೊರದಷ್ಟಾಗುತ್ತದೆ, ಅಂಚಿನಿಂದ ನಡುದಿಂಡಿನತ್ತ ಸೀಳುತ್ತದೆ. ನೋಡಿದವರೆಲ್ಲ ಯಾವುದೋ ಕಾಡುಬಳ್ಳಿ ಎಂದೇ ತಿಳಿದಿದ್ದರು. ಆದರೆ ಇದರ ತವರು ಎಲ್ಲೋ ದೂರದ ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪ. ಶ್ರೀಲಂಕಾದಲ್ಲೂ ಹವಾಯಿಯಲ್ಲೂ ಮನೆಯಿಂದ ಹೊರಬಿದ್ದು ಕಾಡು ಸೇರಿದೆ.

ನನಗೆ ಧೈರ್ಯ ಕೊಟ್ಟದ್ದು ಒಂದೇ ಸಂಗತಿ: ಇದು ಹೂ ಬಿಡುವುದಿಲ್ಲವೆಂದೇ ಹೇಳಬೇಕು. ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಒಂದು ವಂಶವಾಹಿ ಇದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ಹಾರ್ಮೋನನ್ನು ಸಿಂಪಡಿಸಿದಾಗಲೇ ಹೂ ಬಂದದ್ದು. ಹೂವಿಲ್ಲದ ಮೇಲೆ ಬೀಜವೂ ಇಲ್ಲ. ಲಂಟಾನದಂತೆ ಹಕ್ಕಿ ಒಯ್ದು ಹಾಕುವುದಿಲ್ಲ, ಕಾಂಗ್ರೆಸ್ ಗಿಡದಂತೆ ಮಣ್ಣಿನಲ್ಲಿ ಬೀಜದ ದಾಸ್ತಾನು ಉಳಿಯುವುದಿಲ್ಲ. ನೆಲದೊಳಗೆ ಗೆಡ್ಡೆಯೂ ಇಲ್ಲ. ಇರುವುದೆಲ್ಲ ಕಾಂಡದ ಗಂಟಿನಲ್ಲಿ. ಗಂಟುಗಳನ್ನು ಬಿಡದೆ ಹೆಕ್ಕಿದರೆ ಈ ಕೆಲಸಕ್ಕೆ ಕೊನೆ ಎಂಬುದಿದೆ. ಬೇರೆ ಕಳೆಗಳ ವಿಷಯದಲ್ಲಿ ಈ ಮಾತು ಹೇಳುವಂತಿಲ್ಲ.

ಅಡಿಕೆ ಕೊಯ್ಲು ಮುಗಿದು ನೆಲ ಒಣಗತೊಡಗಿದ ಮೇಲೆ ಕೈ ಹಚ್ಚಿದೆ. ಮಳೆಗಾಲದಲ್ಲಿ ಇದನ್ನು ಮುಟ್ಟುವುದೆಂದರೆ ನಾಟಿ ಮಾಡಿದ ಹಾಗೆಯೇ. ಕೆಳಗೆ ಬಿದ್ದ ಪ್ರತಿ ತುಂಡೂ ಬೇರು ಬಿಡುತ್ತದೆ. ಮೊದಲು ಮರಗಳ ಸರದಿ. ಎದೆಮಟ್ಟದಲ್ಲಿ ಒಮ್ಮೆ, ಮೊಣಕಾಲ ಮಟ್ಟದಲ್ಲಿ ಇನ್ನೊಮ್ಮೆ ಬಳ್ಳಿಯನ್ನು ಸುತ್ತಲೂ ಕತ್ತರಿಸಿ ನಡುವಿನ ಭಾಗವನ್ನು ತೆಗೆದುಬಿಟ್ಟೆ. ಒಂದೇ ಕಡೆ ಕಡಿದರೆ ಮೇಲಿನ ತುದಿಯಿಂದ ಬೇರು ಇಳಿದು ಮತ್ತೆ ನೆಲ ಮುಟ್ಟುತ್ತದೆ. ಮೇಲಿನದನ್ನು ಜಗ್ಗಲಿಲ್ಲ. ಬಿಸಿಲಿಗೆ ಅದು ಹಳದಿಯಾಗಿ, ಬಾಡಿ, ತಾನಾಗಿ ಕಳಚಿ ಬೀಳುವವರೆಗೆ ಕಾದು ಬಿದ್ದದ್ದನ್ನು ಆರಿಸಿದೆ.

ಅಡಿಕೆ ಮರದ ಹತ್ತಿರ ಕತ್ತಿಯನ್ನು ತರಲೇ ಇಲ್ಲ. ಅಡಿಕೆ, ತೆಂಗುಗಳ ಕಾಂಡಕ್ಕೆ ಬಿದ್ದ ಗಾಯ ಮಾಯುವುದಿಲ್ಲ, ಕಚ್ಚು ಹಾಗೆಯೇ ಉಳಿಯುತ್ತದೆ. ಗಿಡ ಸವರುವ ಕತ್ತರಿಯ ಒಂದು ಅಲಗನ್ನು ಬಳ್ಳಿಯ ಅಡಿಗೆ ತೂರಿಸಿ ಮೆಲ್ಲಗೆ ತುಂಡರಿಸಬೇಕು. ಮೆಣಸಿನ ಬಳ್ಳಿಯೊಡನೆ ಹೆಣೆದುಕೊಂಡಲ್ಲಿ ಇನ್ನೂ ತಾಳ್ಮೆ ಬೇಕು. ನೆರಳಿನಲ್ಲಿ ಮನಿ ಪ್ಲಾಂಟ್‌ನ ಹಳದಿ ಮಚ್ಚೆ ಮಾಸಿ ಎಳೆಯ ಎಲೆ ಮೆಣಸಿನ ಎಲೆಯಂತೆಯೇ ಕಾಣುತ್ತದೆ. ನಾನು ನರ ನೋಡುತ್ತಿದ್ದೆ: ಮೆಣಸಿನ ಎಲೆಯಲ್ಲಿ ದಪ್ಪ ನರಗಳು ಬುಡದ ಹತ್ತಿರದಿಂದಲೇ ಕವಲೊಡೆದು ಬಾಗಿ ತುದಿಯತ್ತ ಸಾಗುತ್ತವೆ, ಮನಿ ಪ್ಲಾಂಟ್‌ನಲ್ಲಿ ನಡುದಿಂಡಿನ ಉದ್ದಕ್ಕೂ ಎರಡೂ ಬದಿಗೆ ಹೊರಡುತ್ತವೆ. ಸಂಶಯವಿದ್ದರೆ ಚೂರು ಎಲೆ ಹಿಸುಕಿ ಮೂಸಿದರಾಯಿತು, ಮೆಣಸಿನ ವಾಸನೆ ಸುಳ್ಳು ಹೇಳುವುದಿಲ್ಲ.

ಮೂಸಬಹುದು, ಬಾಯಿಗೆ ಹಾಕುವಂತಿಲ್ಲ. ಇದು ಕೆಸುವಿನ ಬಳಗ. ರಸದಲ್ಲಿ ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಹರಳುಗಳಿವೆ. ಕೈಗವಸು, ತುಂಬು ತೋಳಿನ ಅಂಗಿ ಇಲ್ಲದಿದ್ದರೆ ಸಂಜೆಯವರೆಗೂ ತುರಿಕೆ.

ನೆಲದ ಹಾಸು ತೆಗೆಯುವುದು ಬೇಸರದ ಕೆಲಸ, ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಗುದ್ದಲಿ ಹಾಕಿದರೆ ಕಾಂಡ ಚೂರುಚೂರಾಗುತ್ತದೆ, ಆದ್ದರಿಂದ ದರಕು ಸರಿಸಿ ಕೈಯಲ್ಲೇ ಎಳೆದು ಗೊಬ್ಬರದ ಚೀಲಕ್ಕೆ ತುಂಬಿದೆವು. ಕಳೆನಾಶಕ ಹೊಡೆಯಿರಿ ಎಂದವರಿದ್ದರು. ಮೇಣ ಸವರಿದಂಥ ಎಲೆಯ ಮೇಲೆ ಹನಿ ಜಾರುತ್ತದೆ, ಪಕ್ಕದಲ್ಲೇ ಮೆಣಸು, ಕೆಳಗೆ ಹಳ್ಳದ ನೀರು. ನನಗೆ ಅದು ಬೇಡವಾಯಿತು.

ಕಿತ್ತದ್ದನ್ನು ಎಲ್ಲಿ ಹಾಕುವುದು? ಹಸಿಯಾಗಿ ಗೊಬ್ಬರ ಗುಂಡಿಗೆ ಹಾಕಿದರೆ ಮುಂದಿನ ವರ್ಷ ಗೊಬ್ಬರದ ಜೊತೆಗೆ ತೋಟವೆಲ್ಲ ಸುತ್ತುತ್ತದೆ. ಅಡಿಕೆ ಒಣಗಿಸಿ ಖಾಲಿಯಾದ ಅಂಗಳದಲ್ಲಿ ಹರಡಿದೆ. ಎಲೆ ಬೇಗ ಒಣಗಿತು, ಕಾಂಡದ ಹಟ ಬೇರೆ: ಹೊರಗೆ ಸುಕ್ಕುಗಟ್ಟಿದ್ದರೂ ಮುರಿದರೆ ಒಳಗೆ ಹಸಿರು. ಮುರಿದಾಗ ಲಟಕ್ಕೆಂದು ಸದ್ದಾಗುವವರೆಗೂ ಒಣಗಿಸಿ ಬಚ್ಚಲೊಲೆಗೆ ಹಾಕಿದೆ.

ಮೊದಲ ಮಳೆಯ ನಂತರ ತಪ್ಪಿಹೋದ ಗಂಟುಗಳೆಲ್ಲ ಚಿಗುರಿ ತಾವಿರುವ ಜಾಗ ತೋರಿಸಿದವು. ಬೇರು ಇನ್ನೂ ಸಡಿಲವಿದ್ದುದರಿಂದ ಎರಡೇ ಬೆರಳಲ್ಲಿ ಬಂದವು. ಈಗ ನಮ್ಮ ದಂಡೆ ಸ್ವಚ್ಛವಾಗಿದೆ. ಆದರೆ ಹಳ್ಳ ಹರಿದು ಬರುವುದು ಮೇಲಿನ ಮನೆಗಳ ಹಿತ್ತಿಲಿನಿಂದ. ಅಲ್ಲಿನ ಅಕ್ಕನಿಗೆ, ಕತ್ತರಿಸಿದ್ದನ್ನು ನೀರಿಗೆ ಎಸೆಯಬೇಡಿ, ಚೀಲದಲ್ಲಿ ಕೊಟ್ಟರೆ ನಾನೇ ಒಣಗಿಸುತ್ತೇನೆ ಎಂದು ಹೇಳಿದೆ. "ನಿನಗೆ ಬೇರೆ ಕೆಲಸವಿಲ್ಲವೇ ತಂಗಿ?" ಎಂದು ನಕ್ಕರು. ದೀಪಾವಳಿಗೆ ಮನೆ ಚೊಕ್ಕ ಮಾಡಿದಾಗ ಒಂದು ಚೀಲ ತುಂಬಿ ಕಳಿಸಿದ್ದರು.