ಶನಿವಾರದ ಕ್ವಾರ್ಟರ್, ಭಾನುವಾರದ ಹತ್ತು ಕಿಲೋಮೀಟರ್

ಬೆಳಿಗ್ಗೆ ಕುಂದವಾಡ ಕೆರೆ ಕಡೆ ಓಡಲು ಬರುವವರಲ್ಲಿ ನಾನೂ ಒಬ್ಬ. ದಾವಣಗೆರೆ ಎಪಿಎಂಸಿಯಲ್ಲಿ ಒಂದು ದಲ್ಲಾಳಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ವಯಸ್ಸು 41, ತೂಕ 72 ಕೆಜಿ. ಓಡಲು ಶುರು ಮಾಡಿ ಆರು ವರ್ಷ ಆಯಿತು. ಕುಡಿಯಲು ಶುರು ಮಾಡಿದ್ದು ಅದಕ್ಕಿಂತ ಬಹಳ ಮುಂಚೆ. ಇವತ್ತಿಗೂ ಎರಡನ್ನೂ ಬಿಟ್ಟಿಲ್ಲ. ಆದರೆ ಒಂದು ಇನ್ನೊಂದಕ್ಕೆ ಜಾಗ ಬಿಟ್ಟುಕೊಟ್ಟಿದೆ. ಅದು ಹೇಗಾಯಿತು ಅಂತ ಬರೆಯುತ್ತಿದ್ದೇನೆ, ಅಷ್ಟೇ. ಬೇರೆಯವರಿಗೆ ಬುದ್ಧಿ ಹೇಳುವಷ್ಟು ಒಳ್ಳೆಯವನು ನಾನಲ್ಲ.

ನಮ್ಮ ಕಡೆ ಮೆಕ್ಕೆಜೋಳದ ಸೀಸನ್ ಅಂದರೆ ಗೊತ್ತಲ್ಲ. ಯಾರ್ಡ್ ತುಂಬ ಹಳದಿ ರಾಶಿ, ಗೇಟಿನ ತನಕ ಲಾರಿ ಸಾಲು. ಶನಿವಾರ ಹಮಾಲರ ಬಟವಾಡೆ ಮುಗಿಸಿ, ಖಾತೆ ತಾಳೆ ನೋಡಿ ಏಳುವಷ್ಟರಲ್ಲಿ ರಾತ್ರಿ ಎಂಟೂವರೆ. ಆಗ ಯಾರಾದರೊಬ್ಬ ಖರೀದಿದಾರರೋ, ಲಾರಿ ಬ್ರೋಕರೋ ಬಂದು "ಬರ್ರಿ, ಕೂತು ಮಾತಾಡೋಣ" ಅನ್ನುತ್ತಾರೆ. ಕೂತು ಮಾತಾಡೋದು ಅಂದರೆ ಹಳೇ ಪಿ.ಬಿ. ರೋಡಿನ ಒಂದು ಬಾರ್. ಒಬ್ಬೊಬ್ಬರ ಮುಂದೆ ಒಂದೊಂದು ಕ್ವಾರ್ಟರ್ ವಿಸ್ಕಿ (180 ಎಂಎಲ್), ನಂಜಿಕೊಳ್ಳಲು ನರ್ಗಿಸ್ ಮಂಡಕ್ಕಿ, ಬಿಸಿ ಮೆಣಸಿನಕಾಯಿ. ಊಟ ಅಂತ ಕಡೆಗೆ ಒಂದು ಎಗ್ ರೈಸ್, ಅದೂ ಹನ್ನೊಂದಕ್ಕೆ. ಮರುದಿನ ಭಾನುವಾರ ಬೆಳಿಗ್ಗೆ ಐದೂವರೆಗೆ ನನ್ನ ಲಾಂಗ್ ರನ್, ಹತ್ತು ಕಿಲೋಮೀಟರ್.

ಮೊದಲ ಎರಡು ವರ್ಷ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ. ಓಡಿದ್ದು ಜಮಾ, ಕುಡಿದದ್ದು ಖರ್ಚು. ಒಂದು ಗ್ರಾಂ ಮದ್ಯಸಾರಕ್ಕೆ 7 ಕ್ಯಾಲರಿ. ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಮದ್ಯಸಾರ, ಅಂದರೆ 420 ಕ್ಯಾಲರಿ ಚಿಲ್ಲರೆ. ಓಡುವವನು ಕಿಲೋಮೀಟರಿಗೆ ತನ್ನ ತೂಕದಷ್ಟು ಕ್ಯಾಲರಿ ಸುಡುತ್ತಾನೆ ಅನ್ನುವುದು ಸ್ಥೂಲ ಲೆಕ್ಕ. ನನಗೆ 72. ಆರು ಕಿಲೋಮೀಟರ್ ಓಡಿದರೆ ಕ್ವಾರ್ಟರ್ ತೀರಿತು, ಇನ್ನು ನಾಲ್ಕು ಶಿಲ್ಕು! ಎಷ್ಟು ಚೆಂದ ತಾಳೆ ಬೀಳುತ್ತಿತ್ತು ಅಂದರೆ, ಒಮ್ಮೊಮ್ಮೆ ಆ ನಾಲ್ಕು ಕಿಲೋಮೀಟರಿಗೂ ಕುಡಿದುಬಿಡುತ್ತಿದ್ದೆ.

ಒಂದು ನವೆಂಬರ್ ಭಾನುವಾರ ಅದು ಕೈಕೊಟ್ಟಿತು. ಹಿಂದಿನ ರಾತ್ರಿ ಕ್ವಾರ್ಟರ್ ಮೇಲೆ ಇನ್ನೊಂದು ನೈಂಟಿ ಬಿದ್ದಿತ್ತು. ಸ್ಕೂಟರನ್ನು ಗಾಜಿನ ಮನೆ ಹತ್ತಿರ ನಿಲ್ಲಿಸಿ ಓಡಲು ಶುರು ಮಾಡಿದೆ. ಚಳಿ ಇತ್ತು, ಕೆರೆ ಮೇಲೆ ತೆಳ್ಳಗೆ ಮಂಜು. ಎಂದಿನ ವೇಗ, ಕಿಲೋಮೀಟರಿಗೆ ಏಳು ನಿಮಿಷ. ಆ ವೇಗಕ್ಕೆ ನನ್ನ ಎದೆಬಡಿತ 140ರ ಆಸುಪಾಸು ಇರುತ್ತದೆ. ಅವತ್ತು ಎರಡನೇ ಕಿಲೋಮೀಟರಿಗೇ ವಾಚ್ 161 ತೋರಿಸಿತು. ವಾಚೇ ಕೆಟ್ಟಿರಬೇಕು ಅಂದುಕೊಂಡು ಪಟ್ಟಿ ಬಿಗಿ ಮಾಡಿದೆ. ನಾಲ್ಕು ದಾಟುವಷ್ಟರಲ್ಲಿ ಅಂಗೈಯಲ್ಲಿ ತಣ್ಣನೆ ಬೆವರು, ಕಣ್ಣ ಮುಂದೆ ಚುಕ್ಕಿ. ಅಲ್ಲೇ ಒಂದು ಬೆಂಚಿನ ಮೇಲೆ ಕೂತೆ. ದಿನಾ ವಾಕಿಂಗ್ ಬರುವ ಹಿರಿಯರೊಬ್ಬರು ಹತ್ತಿರ ಬಂದು ನೀರಿನ ಬಾಟಲಿ ಚಾಚಿದರು.

"ರಾತ್ರಿ ಊಟ ಮಾಡಿದ್ಯೋ ಇಲ್ವೋ ತಮ್ಮಾ?"

"ಮಾಡಿದ್ದೆ ಯಜಮಾನ್ರೇ."

ಇನ್ನೇನೋ ಕೇಳಲು ಬಗ್ಗಿದವರು ಹಾಗೇ ನಿಂತರು. ಮೂಗಿಗೆ ಬಡಿದಿರಬೇಕು. "ಇನ್ನೂ ಇಳಿದಿಲ್ಲ ಬಿಡು" ಅಂದು, ಬಾಟಲಿ ಅಲ್ಲೇ ಬಿಟ್ಟು ಹೋದರು.

ಇಳಿದಿಲ್ಲ ಅನ್ನುವ ಮಾತು ಕಿವಿಯಲ್ಲೇ ಉಳಿಯಿತು. ಮನೆಗೆ ಬಂದು ಕ್ಯಾಲ್ಕುಲೇಟರ್ ಹಿಡಿದೆ. ವಿಸ್ಕಿ ಬಾಟಲಿ ಮೇಲೆ ಶೇಕಡಾ 42.8 ಅಂತ ಬರೆದಿರುತ್ತದೆ. 180 ಮತ್ತು 90 ಸೇರಿ 270 ಎಂಎಲ್. ಅದರಲ್ಲಿ ಶುದ್ಧ ಮದ್ಯಸಾರ ಸುಮಾರು 91 ಗ್ರಾಂ. ನಮ್ಮ ದೇಹ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ ಮಾತ್ರ. ಓಡಿದರೂ ಅಷ್ಟೇ, ನಿಂಬೆಹಣ್ಣು ಹಿಂಡಿದರೂ ಅಷ್ಟೇ, ತಣ್ಣೀರು ಸುರಿದುಕೊಂಡರೂ ಅಷ್ಟೇ. ರಾತ್ರಿ ಒಂಬತ್ತಕ್ಕೆ ಮೊದಲ ಗುಟುಕು ಅಂದರೆ ಪೂರ್ತಿ ಇಳಿಯುವುದು ಬೇಗ ಅಂದರೂ ಬೆಳಿಗ್ಗೆ ಆರಕ್ಕೆ, ತಡವಾದರೆ ಹತ್ತಕ್ಕೆ. ಅಂದರೆ ನಾನು ಓಡಿದ್ದು ಕುಡಿದ ಮಾರನೇ ದಿನ ಅಲ್ಲ. ಕುಡಿದೇ ಓಡಿದ್ದೆ. ಕತ್ತಲಲ್ಲಿ ಸ್ಕೂಟರ್ ಓಡಿಸಿದ್ದೂ ಹಾಗೆಯೇ. ನಮ್ಮ ಕಾಯ್ದೆಯಲ್ಲಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ದಾಟಿದರೆ ಕೇಸು. ಅವತ್ತು ಯಾರಾದರೂ ಊದಿಸಿದ್ದರೆ ಏನಾಗುತ್ತಿತ್ತೋ.

ಅವತ್ತಿಂದ ಓಟದ ನೋಟ್‌ಬುಕ್ಕಿಗೆ ಮೂರು ಕಾಲಂ ಸೇರಿಸಿದೆ. ಹಾಸಿಗೆಯಿಂದ ಏಳುವ ಮುಂಚಿನ ಎದೆಬಡಿತ, ನಿದ್ದೆ, ಮತ್ತು ಕಡೆಯಲ್ಲಿ ಎಂಎಲ್. ಎಂಎಲ್ ಬರೆಯಬೇಕು ಅಂದಾಗ ಒಂದು ತಮಾಷೆ ಗೊತ್ತಾಯಿತು. ಮನೆಯಲ್ಲಿ ಕುಡಿಯುವಾಗ ನಾನು ಅಂದಾಜಿನಲ್ಲಿ ಹಾಕುತ್ತಿದ್ದ ಅರವತ್ತು, ಅರವತ್ತು ಆಗಿರಲಿಲ್ಲ. ಪಾತ್ರೆ ಅಂಗಡಿಯಿಂದ 30-60 ಅಳತೆಯ ಸ್ಟೀಲ್ ಪೆಗ್ ತಂದೆ. ಎಂದಿನಂತೆ ಲೋಟಕ್ಕೆ ಹಾಕಿ, ಅದನ್ನು ಅಳತೆಗೆ ಬಗ್ಗಿಸಿ ನೋಡಿದರೆ ಮೂರು ಸಲ ಮೂವತ್ತು, ಮೇಲೆ ಇನ್ನೂ ಒಂದೆರಡು ಹನಿ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಜೋಳದ ತೂಕದಲ್ಲಿ ಒಂದು ಕಿಲೋ ಆಚೀಚೆ ಆದ್ರೆ ಜಗಳ ಆಡ್ತೀರಲ್ರೀ" ಅಂದಳು.

ಮೂರು ತಿಂಗಳು ಬರೆದೆ. ನನ್ನ ಲೆಕ್ಕ ನನ್ನದು, ನಿಮ್ಮದು ಬೇರೆ ಇರಬಹುದು. ಕುಡಿಯದ ರಾತ್ರಿಯ ಮರುದಿನ ಎದೆಬಡಿತ 54. ಊಟದ ಜೊತೆ 60 ಎಂಎಲ್ ಆದರೆ 56, 57. ಕ್ವಾರ್ಟರ್ ಆದರೆ 65. ಸೋಮವಾರವೂ ಅದು ಪೂರ್ತಿ ಇಳಿಯುತ್ತಿರಲಿಲ್ಲ. ನಿದ್ದೆ ಕಾಲಂ ಇನ್ನೂ ಮಜಾ. ಕ್ವಾರ್ಟರ್ ದಿನ ಮನೆಗೆ ಬಂದವನೇ ಕೊರಡಿನ ಹಾಗೆ ಬಿದ್ದು, ಮೂರಕ್ಕೆ ಕಣ್ಣು ಬಿಟ್ಟರೆ ಮತ್ತೆ ಮುಚ್ಚುತ್ತಿರಲಿಲ್ಲ. ಕುಡಿದರೆ ಒಳ್ಳೆ ನಿದ್ದೆ ಅನ್ನುವುದು ಅರ್ಧ ರಾತ್ರಿಯ ಮಟ್ಟಿಗೆ ಮಾತ್ರ ನಿಜ. ಮದ್ಯ ಇಳಿಯುತ್ತ ಬಂದ ಹಾಗೆ ಉಳಿದರ್ಧ ಚೂರುಚೂರಾಗುತ್ತದೆ. ಜೊತೆಗೆ ಮೂತ್ರವನ್ನು ಹಿಡಿದಿಡುವ ಹಾರ್ಮೋನನ್ನೂ ಅದು ತಗ್ಗಿಸುತ್ತದೆ. ರಾತ್ರಿ ಎರಡು ಸಲ ಎದ್ದು ಹೋಗಿ, ಬೆಳಿಗ್ಗೆ ಒಣಗಿದ ಬಾಯಲ್ಲಿ ಓಡಲು ಹೊರಡುವುದು ಅದಕ್ಕೇ. ಬೆಂಚಿನ ಮೇಲಿನ ತಣ್ಣನೆ ಬೆವರಿಗೆ ಡಾಕ್ಟರು ಇನ್ನೊಂದು ಕಾರಣ ಹೇಳಿದರು. ಲಿವರ್ ಮದ್ಯ ಕರಗಿಸುವುದರಲ್ಲಿ ಮುಳುಗಿದ್ದರೆ ರಕ್ತಕ್ಕೆ ಸಕ್ಕರೆ ಒದಗಿಸುವ ಕೆಲಸ ಹಿಂದೆ ಬೀಳುತ್ತದಂತೆ. ನಾನು ಮೊದಲೇ ಖಾಲಿ ಹೊಟ್ಟೆಯಲ್ಲಿ ಓಡುವವನು.

ಇಷ್ಟಾದ ಮೇಲೆ ಕುಡಿಯುವುದನ್ನು ಕಮ್ಮಿ ಮಾಡಿದೆ ಅಂತ ನೀವು ಅಂದುಕೊಂಡಿರಬಹುದು. ಇಲ್ಲ. ಮೊದಲು ಓಡುವ ದಿನ ಬದಲಿಸಿದೆ! ಲಾಂಗ್ ರನ್ ಶನಿವಾರ ಬೆಳಿಗ್ಗೆಗೆ ತಂದೆ. ಶುಕ್ರವಾರ ರಾತ್ರಿ ಯಾರೂ ಕರೆಯುವುದಿಲ್ಲ, ಒಂಬತ್ತೂವರೆಗೆ ಮಲಗಬಹುದು. ಓಟ ತಕ್ಷಣ ಸುಧಾರಿಸಿತು. ಬಹಳ ಜಾಣತನ ಮಾಡಿದೆ ಅಂತ ಬೀಗಿದೆ. ಆದರೆ ಕಾಲು ನೋವು ಬುಧವಾರದ ತನಕ ಎಳೆಯುತ್ತಿತ್ತು. ಮುಂಚೆ ಎರಡು ದಿನಕ್ಕೆ ಹೋಗುತ್ತಿದ್ದದ್ದು.

2014ರಲ್ಲಿ ಆಸ್ಟ್ರೇಲಿಯಾದವರ ಒಂದು ಅಧ್ಯಯನ ಬಂದಿದೆ. ಕಷ್ಟದ ವ್ಯಾಯಾಮ ಮಾಡಿಸಿ, ಆಮೇಲೆ ದೇಹತೂಕದ ಕಿಲೋಗೆ 1.5 ಗ್ರಾಂನಂತೆ ಮದ್ಯಸಾರ ಕುಡಿಸಿ ನೋಡಿದ್ದಾರೆ. ಸ್ನಾಯು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಕೆಲಸ, ಬರೀ ಪ್ರೋಟೀನ್ ತೆಗೆದುಕೊಂಡಾಗ ಆಗುವುದಕ್ಕಿಂತ, ಪ್ರೋಟೀನ್ ಜೊತೆ ಕುಡಿದಾಗ ಶೇಕಡಾ 24ರಷ್ಟು ಕುಗ್ಗಿತ್ತು. ಪ್ರೋಟೀನ್ ಇಲ್ಲದೆ ಕುಡಿದವರಲ್ಲಿ ಶೇಕಡಾ 37. ನನ್ನ ತೂಕಕ್ಕೆ ಹಾಕಿದರೆ ಅದು 108 ಗ್ರಾಂ, ಅಂದರೆ 320 ಎಂಎಲ್ ವಿಸ್ಕಿ. ಅಷ್ಟು ನಾನು ಕುಡಿಯುವುದಿಲ್ಲ, ಹಾಗಾಗಿ ಒಂದು ಪೆಗ್‌ಗೂ ಇದೇ ಲೆಕ್ಕ ಹಿಡಿಯುವುದು ತಪ್ಪು. ಆದರೆ ಆ ನವೆಂಬರ್ ರಾತ್ರಿಯ 91 ಗ್ರಾಂ ಅದಕ್ಕಿಂತ ಬಹಳ ದೂರ ಏನೂ ಇರಲಿಲ್ಲ. ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡಿ, ರಾತ್ರಿ ಅದರ ಫಲವನ್ನು ನಾನೇ ಕಿತ್ತುಹಾಕುತ್ತಿದ್ದೆ. ಅಲ್ಲಿಗೆ ಜಮಾ-ಖರ್ಚಿನ ಲೆಕ್ಕ ಮುಗಿಯಿತು. ಇವು ಎರಡು ಬೇರೆ ಬೇರೆ ಪಾರ್ಟಿಯ ಖಾತೆ. ಒಬ್ಬರ ಬಾಕಿಯನ್ನು ಇನ್ನೊಬ್ಬರ ಖಾತೆಗೆ ಹಾಕಿ ತೀರಿಸಲು ಆಗುವುದಿಲ್ಲ. ದಿನಾ ಇದೇ ಕೆಲಸ ಮಾಡುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಈಗ ನಡೆಯುತ್ತಿರುವುದು ಹೀಗೆ. ಶನಿವಾರ ಸಂಜೆ ಏಳೂವರೆಗೆ ಅಂಗಡಿಯಲ್ಲೇ ಊಟ ಮಾಡುತ್ತೇನೆ. ಎರಡು ಜೋಳದ ರೊಟ್ಟಿ, ಕಾಳು ಪಲ್ಯ, ಮಜ್ಜಿಗೆ. ಹೊಟ್ಟೆ ತುಂಬಿದ್ದರೆ ಮದ್ಯ ನಿಧಾನ ಏರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡನೆಯದು ಬೇಕು ಅನ್ನಿಸುವುದೇ ಇಲ್ಲ. ಬಾರ್‌ನಲ್ಲಿ ಅರವತ್ತು ಎಂಎಲ್, ದೊಡ್ಡ ಲೋಟದ ತುಂಬ ಸೋಡಾ. ಅದು ಮುಗಿದ ಮೇಲೆ ಬರೀ ಸೋಡಾ, ಅದಕ್ಕೆ ನಿಂಬೆಹಣ್ಣು, ಉಪ್ಪು. ಲೋಟ ಖಾಲಿ ಕಂಡರೆ ಅಲ್ವಾ ಸುರಿಯುವುದು? ಹತ್ತು ಗಂಟೆಗೆ ಏಳುತ್ತೇನೆ. ವಾರದಲ್ಲಿ ಅದೊಂದೇ ದಿನ. ಭಾನುವಾರ ಓಟ ಇಲ್ಲ, ಹೆಂಡತಿ ಜೊತೆ ವಾಕಿಂಗ್. ಮಂಗಳವಾರ ಜಿಲ್ಲಾ ಕ್ರೀಡಾಂಗಣದಲ್ಲಿ ಜೋರು ಓಟ, ಗುರುವಾರ ಹಗುರ.

ಬೀರ್ ಬಗ್ಗೆ ಒಂದು ಮಾತು. ಬೀರ್ ಅಲ್ವಾ, ನೀರಿನ ಥರ ಅಂತ ಓಡುವವರೇ ಹೇಳುತ್ತಾರೆ. ಸ್ಟ್ರಾಂಗ್ ಬೀರ್ ಶೇಕಡಾ 8 ಇದ್ದರೆ, 650 ಎಂಎಲ್ ಬಾಟಲಿಯಲ್ಲಿ 41 ಗ್ರಾಂ ಮದ್ಯಸಾರ. ಒಂದು ನೈಂಟಿಯಲ್ಲಿ 30. ಎಣಿಸಿಕೊಳ್ಳಿ.

ಟೇಬಲ್‌ನಲ್ಲಿ ಮೊದಮೊದಲು ಬಹಳ ಕಾಡಿದರು. ನಮ್ಮ ಲಾರಿ ಬ್ರೋಕರ್ ದೋಸ್ತ್ ಒಬ್ಬ ಮೊಬೈಲ್‌ನಲ್ಲಿ ಏನೋ ಓದಿಕೊಂಡು ಬಂದು ಶುರು ಮಾಡಿದ. "ಲೇ, 1904ರ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದವನು ದಾರೀಲಿ ಬ್ರಾಂದಿ ಕುಡ್ಕೊಂಡೇ ಗೆದ್ದ. ನಿಂದೇನೋ ದೊಡ್ಡ ಓಟ!" ಮಾತು ನಿಜವೇ. ಸೇಂಟ್ ಲೂಯಿಸ್‌ನಲ್ಲಿ ಥಾಮಸ್ ಹಿಕ್ಸ್ ಅನ್ನುವವನಿಗೆ ಜೊತೆಗಿದ್ದವರು ಮೊಟ್ಟೆಯ ಬಿಳಿ, ಬ್ರಾಂದಿ ಮತ್ತು ಸ್ಟ್ರಿಕ್ನೀನ್ ಕೊಟ್ಟು ಓಡಿಸಿದರು. ಸ್ಟ್ರಿಕ್ನೀನ್ ಅಂದರೆ ಇಲಿ ಪಾಷಾಣಕ್ಕೆ ಬಳಸುತ್ತಿದ್ದ ವಿಷ. ಅವನು ಗೆದ್ದ, ಆದರೆ ಸಾಯುವ ಹಾಗಾಗಿ ಗೆದ್ದ. ಸಮಯ 3 ಗಂಟೆ 28 ನಿಮಿಷ 53 ಸೆಕೆಂಡ್. ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಗಂಡಸರಲ್ಲಿ ಅಷ್ಟು ನಿಧಾನ ಇನ್ಯಾರೂ ಇಲ್ಲ. ಇದನ್ನೆಲ್ಲ ಹೇಳಿದೆ. ದೋಸ್ತ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಪಾಷಾಣ ಬೇಡ, ನೈಂಟಿ ಹೇಳ್ಲಾ?" ಅಂದ.

ಎರಡು ತಪ್ಪು ಆಮೇಲೂ ಮಾಡಿದೆ. ಒಂದು, ಮೀನಖಂಡ ಹಿಡಿದಿದ್ದಾಗ ನೋವಿನ ಮಾತ್ರೆ ನುಂಗಿ, ರಾತ್ರಿ ಪೆಗ್ ಹಾಕಿದ್ದು. ಡಾಕ್ಟರು ಚೆನ್ನಾಗಿ ಬೈದರು. ಐಬುಪ್ರೊಫೆನ್ ಜೊತೆ ಕುಡಿದರೆ ಹೊಟ್ಟೆಯ ಒಳಗೆ ರಕ್ತ ಸೋರಬಹುದು, ಪ್ಯಾರಾಸಿಟಮಾಲ್ ಜೊತೆ ಆದರೆ ಲಿವರ್‌ಗೆ ಹೊಡೆತ. ಇನ್ನೊಂದು, ಬೆಂಗಳೂರಿನ 10ಕೆ ಓಟಕ್ಕೆ ಹೋದಾಗ. ಅದಕ್ಕೆ ಮುಂಚೆ ಮೂರು ವಾರ ಒಂದು ಹನಿ ಮುಟ್ಟಿರಲಿಲ್ಲ. 58 ನಿಮಿಷಕ್ಕೆ ಮುಗಿಸಿದೆ. ಹಿಂದಿನ ಸಲ 64 ಆಗಿತ್ತು. ಖುಷಿಗೆ ಬಟ್ಟೆ ಕೂಡ ಬದಲಿಸದೆ ಲಾಡ್ಜ್‌ನಲ್ಲಿ ಬೀರ್ ತೆರೆದೆ. ಅರ್ಧ ಬಾಟಲಿಗೆ ರೂಮೇ ತಿರುಗಿತು. ಬೆವರು ಸುರಿದ ಮೈಗೆ ಮೊದಲು ಬೇಕಾದ್ದು ನೀರು, ಉಪ್ಪು, ಅನ್ನ. ಈಗ ಎಷ್ಟೇ ಖುಷಿ ಇದ್ದರೂ ಮೂತ್ರ ತಿಳಿಯಾಗುವ ತನಕ ಗ್ಲಾಸ್ ಮುಟ್ಟುವುದಿಲ್ಲ. ಏಪ್ರಿಲ್, ಮೇ ಬಿಸಿಲಲ್ಲಂತೂ ಬಿಟ್ಟೇಬಿಡುತ್ತೇನೆ.

ನನ್ನ ಅರವತ್ತು ಎಂಎಲ್ ಒಳ್ಳೆಯದು ಅಂತ ಹೇಳುತ್ತಿಲ್ಲ. ಇಷ್ಟು ಕುಡಿದರೆ ಅಪಾಯವೇ ಇಲ್ಲ ಅನ್ನುವ ಅಳತೆ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ನಾನು ಗೊತ್ತಿದ್ದೂ ಕುಡಿಯುತ್ತೇನೆ. ಆದರೆ ಬೆಳಿಗ್ಗೆ ಕೈ ನಡುಗುವ, ದಿನಾ ಬೇಕೇ ಬೇಕು ಅನ್ನುವ ಹಂತದವರಿಗೆ ನನ್ನ ನೋಟ್‌ಬುಕ್ ಲೆಕ್ಕ ಉಪಯೋಗಕ್ಕೆ ಬಾರದು. ಅಂಥವರು ಹುರುಪಿನಲ್ಲಿ ಒಮ್ಮೆಲೇ ನಿಲ್ಲಿಸಿದರೂ ಅಪಾಯ, ಫಿಟ್ಸ್ ಬರಬಹುದು. ಡಾಕ್ಟರ ಹತ್ತಿರ ಹೋಗಿಯೇ ಬಿಡಬೇಕು. ನಮ್ಮ ಯಾರ್ಡ್‌ನಲ್ಲೇ ಒಬ್ಬರನ್ನು ಹಾಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು.

ಮೊನ್ನೆ ಶನಿವಾರದ ಸಾಲು ಹೀಗಿದೆ: 12 ಕಿಲೋಮೀಟರ್, 1 ಗಂಟೆ 19 ನಿಮಿಷ, ಎದೆಬಡಿತ 53, ನಿದ್ದೆ ಏಳು ಗಂಟೆ. ಎಂಎಲ್ ಕಾಲಂನಲ್ಲಿ 60. ಹೆಂಡತಿ ನೋಟ್‌ಬುಕ್ ತಿರುವಿ ನೋಡಿ, "ಮೆಣಸಿನಕಾಯಿ ಎಷ್ಟು ತಿಂದ್ರಿ ಅಂತ ಎಲ್ಲೂ ಬರೆದಿಲ್ವಲ್ಲ" ಅಂದಳು. ಆ ಕಾಲಂ ಇನ್ನೂ ಹಾಕಿಲ್ಲ.