ಮೇಜಿನ ಆಚೆ ಈಚೆ ಇಬ್ಬರು: ಹಳೆಯ ಹಾಲಿವುಡ್ ರೀತಿಯ ಚಿತ್ರೀಕರಣ

ಇಬ್ಬರು ಎದುರುಬದುರು ಕೂತು ಮಾತಾಡುತ್ತಾರೆ, ಒಬ್ಬಳು ಏನನ್ನೋ ಮುಚ್ಚಿಡುತ್ತಿದ್ದಾಳೆ. ಕಿರುಚಿತ್ರಗಳಲ್ಲಿ ಅತಿ ಹೆಚ್ಚು ಬರುವ ದೃಶ್ಯ ಇದು, ಅತಿ ಹೆಚ್ಚು ಕೆಡುವುದೂ ಇದೇ. 1930–40ರ ದಶಕಗಳ ಹಾಲಿವುಡ್ ಸ್ಟುಡಿಯೋಗಳು ಇದಕ್ಕೆ ಕಂಡುಕೊಂಡ ದಾರಿಯನ್ನೇ ನಾನು 12x14 ಅಡಿಯ ಕೋಣೆಯಲ್ಲಿ, ಒಂದು ಕ್ಯಾಮೆರಾ, ಮೂರು ಲೈಟು ಇಟ್ಟುಕೊಂಡು ಅನುಸರಿಸುತ್ತೇನೆ. ಕಟ್ ಕಾಣದಂತೆ ಮಾಡುವುದೇ ಆ ಶೈಲಿಯ ಗುಟ್ಟು ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ಅರ್ಧ ಮಾತು. ಯಾರು ಎಲ್ಲಿದ್ದಾರೆ ಎಂದು ಹುಡುಕುವ ಕೆಲಸ ನೋಡುಗರಿಗೆ ತಪ್ಪಿದರೆ, ಈ ಕ್ಷಣ ಯಾರ ಕೈ ಮೇಲಾಗಿದೆ ಎಂದು ಗಮನಿಸಲು ಪುರಸೊತ್ತು ಸಿಗುತ್ತದೆ. ಉಳಿದ ನಿಯಮಗಳೆಲ್ಲ ಅದಕ್ಕಾಗಿ.

ಮೊದಲು ಗೆರೆ. ಒಬ್ಬರ ಮೂಗಿನಿಂದ ಇನ್ನೊಬ್ಬರ ಮೂಗಿಗೆ ಗೆರೆ ಇದೆ ಎಂದುಕೊಂಡು ಅದರ ನೇರಕ್ಕೆ ನೆಲದ ಮೇಲೆ ಟೇಪ್ ಅಂಟಿಸುತ್ತೇನೆ. ಕ್ಯಾಮೆರಾ ಕೊನೆಯವರೆಗೂ ಅದರ ಒಂದೇ ಬದಿಯಲ್ಲಿರಬೇಕು. ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತ, ಕೋಣೆಯಲ್ಲಿ ಇಲ್ಲದ ಮೂರನೆಯವರ ಜೊತೆ ಮಾತಾಡಿದಂತೆ ಕಾಣುತ್ತದೆ. ದಾಟಲೇಬೇಕಿದ್ದರೆ ನಟ ಎದ್ದು ನಡೆಯಲಿ, ಕ್ಯಾಮೆರಾ ಅವನ ಜೊತೆ ತಿರುಗಲಿ. ಹೊಸ ಗೆರೆ ನೋಡುಗರ ಕಣ್ಣೆದುರೇ ಹುಟ್ಟುತ್ತದೆ. ಯಾವ ಬದಿ ಎಂಬ ಪ್ರಶ್ನೆಗೆ ಉತ್ತರ ಕಿಟಕಿ ಕೊಡುತ್ತದೆ: ಕಿಟಕಿ ಗೆರೆಯ ಆಚೆ, ಕ್ಯಾಮೆರಾ ಈಚೆ. ಆಗ ಮುಖದ ನೆರಳಿನ ಪಾಲು ನಮ್ಮ ಕಡೆ ಬಂದು ಕೆನ್ನೆ, ಮೂಗಿಗೆ ಉಬ್ಬುತಗ್ಗು ಬರುತ್ತದೆ.

ಮಾಸ್ಟರ್ ಶಾಟ್, ಅಂದರೆ ಇಬ್ಬರನ್ನೂ ಒಟ್ಟಿಗೆ ತೋರಿಸುವ ಅಗಲದ ಶಾಟ್, 35 ಎಂಎಂ ಲೆನ್ಸಿನಲ್ಲಿ, ಇಡೀ ದೃಶ್ಯ ಒಂದೇ ಓಟಕ್ಕೆ. ಆಮೇಲೆ ಸಜೆಷನ್ (ಒಬ್ಬರ ಭುಜದ ಮೇಲಿಂದ ಇನ್ನೊಬ್ಬರ ಮುಖ) 50ರಲ್ಲಿ, ಕ್ಲೋಸಪ್ 85ರಲ್ಲಿ; ಸಂಖ್ಯೆ ಹೆಚ್ಚಿದಷ್ಟೂ ನೋಟ ಬಿಗಿ (ಇದು ಸೂಪರ್ 35, ಅಂದರೆ ಸಿನಿಮಾದ 35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟು ಅಳತೆಯ ಸೆನ್ಸರಿನ ಲೆಕ್ಕ). ಒಂದು ಬದಿಯ ಸಜೆಷನ್, ಕ್ಲೋಸಪ್ ಎಲ್ಲ ಮುಗಿಸಿಯೇ ಇನ್ನೊಂದು ಬದಿಗೆ ಹೋಗುವುದು; ಇಲ್ಲದಿದ್ದರೆ ಲೈಟು ಎತ್ತಿಡುವುದರಲ್ಲೇ ದಿನ ಹೋಗುತ್ತದೆ. ಎದುರು ಬದಿಗೆ ಹೋಗುವ ಮುನ್ನ ಲೆನ್ಸಿನ ಎತ್ತರ, ಕಣ್ಣಿನಿಂದ ಲೆನ್ಸಿಗಿರುವ ದೂರ ಎರಡನ್ನೂ ಅಳತೆ ಟೇಪಿನಿಂದ ಅಳೆದು ಬರೆದಿಡುತ್ತೇನೆ. ಒಂದು ಮುಖ 5 ಅಡಿಯಿಂದ, ಇನ್ನೊಂದು ಅದೇ ಲೆನ್ಸಿನಲ್ಲಿ 4 ಅಡಿಯಿಂದ ತೆಗೆದರೆ ಎರಡನೆಯದು ದೊಡ್ಡದಾಗಿ ಕಂಡು, ಕಥೆ ಅವಳದೇ ಅನ್ನಿಸಿಬಿಡುತ್ತದೆ. ಬೇಕೆಂದೇ ಹಾಗೆ ಮಾಡುವುದುಂಟು, ಆದರೆ ಸುಳ್ಳು ಬಯಲಾಗುವ ಸಾಲು ಬಂದ ಮೇಲೆ. ಅಲ್ಲಿಯವರೆಗೆ ಎರಡೂ ಸಮ. ಒಂದೇ ವ್ಯಕ್ತಿಯ ಎರಡು ಶಾಟ್‌ಗಳ ನಡುವೆ ಕೋನ ಕನಿಷ್ಠ 30 ಡಿಗ್ರಿಯಾದರೂ ಬದಲಾಗಬೇಕು, ಇಲ್ಲವೇ ಮುಖದ ಗಾತ್ರ ಎದ್ದು ಕಾಣುವಷ್ಟು ಬದಲಾಗಬೇಕು. ಇಲ್ಲದಿದ್ದರೆ ಚಿತ್ರ ತಟಕ್ಕನೆ ಹಾರುತ್ತದೆ.

ಹೆಚ್ಚು ಕೈಕೊಡುವುದು ಲುಕ್, ಅಂದರೆ ನಟರ ನೋಟದ ದಿಕ್ಕು. ಕ್ಲೋಸಪ್ಪಿನಲ್ಲಿ ಎದುರಿನ ನಟ ತನ್ನ ಕುರ್ಚಿಯಲ್ಲೇ ಕೂತರೆ, ಕ್ಯಾಮೆರಾದಲ್ಲಿರುವವಳ ನೋಟ ಲೆನ್ಸಿನಿಂದ ತೀರಾ ಪಕ್ಕಕ್ಕೆ ಹೋಗಿ ಒಂದೇ ಕಣ್ಣು ಸರಿಯಾಗಿ ಕಾಣುತ್ತದೆ. ಆದ್ದರಿಂದ ಅವನನ್ನು ಕ್ಯಾಮೆರಾಕ್ಕೆ ಒತ್ತಿಕೊಂಡು, ಅವನ ಕಿವಿ ಮ್ಯಾಟ್ ಬಾಕ್ಸಿಗೆ (ಲೆನ್ಸಿನ ಮುಂದಿನ ಚೌಕ ಮರೆಗೆ) ತಾಗುವಷ್ಟು ಹತ್ತಿರ ಕೂರಿಸುತ್ತೇನೆ. ಗೆರೆಯಿರುವ ಪಕ್ಕದಲ್ಲೇ, ಎತ್ತರವೂ ಮೊದಲಿನಷ್ಟೇ. ಎರಡು ಇಂಚು ಮೇಲಾದರೂ ಹಣೆ ನೋಡಿ ಮಾತಾಡಿದ ಹಾಗಿರುತ್ತದೆ. ಶಾಟ್ ಬಿಗಿಯಾದಷ್ಟೂ ಲುಕ್ ಲೆನ್ಸಿನ ಹತ್ತಿರ ಬಂದರೆ ನೋಡುಗರೂ ಆ ಇಬ್ಬರ ನಡುವೆ ಸರಿದು ಕೂರುತ್ತಾರೆ.

ಬೆಳಕಿಗೆ 300 ವ್ಯಾಟಿನ ಫ್ರೆನೆಲ್ (ಮುಂದೆ ಮೆಟ್ಟಿಲು ಗಾಜಿರುವ ಲೈಟು) ಕೀ ಲೈಟು, ಅಂದರೆ ಮುಖ್ಯ ಬೆಳಕು: ಮುಖದಿಂದ ಕಿಟಕಿಯ ಕಡೆಗೆ ಸುಮಾರು 45 ಡಿಗ್ರಿ, ಮೇಲಕ್ಕೂ ಅಷ್ಟೇ. ಮೂಗಿನ ನೆರಳು ಬಾಯಿಯ ಮೂಲೆಯತ್ತ ಇಳಿಯಬೇಕು, ತುಟಿ ದಾಟಬಾರದು. ನೆರಳಿನ ಕಡೆಗೆ ಬೆಳಕು ಪ್ರತಿಫಲಿಸಲು ಬಿಳಿ ಥರ್ಮಾಕೋಲ್. ಲೈಟ್ ಮೀಟರಿನಲ್ಲಿ ಎರಡು ಕೆನ್ನೆಗಳ ನಡುವೆ 2 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ವ್ಯತ್ಯಾಸ, ಅಂದರೆ 4:1, ಮಾಮೂಲಿ ಸಂಸಾರದ ದೃಶ್ಯಕ್ಕೆ ಸಾಕು. 3 ಸ್ಟಾಪ್ ಆದರೆ 8:1. ಸಂಭಾಷಣೆ ಬದಲಾಗದಿದ್ದರೂ ಸಂಶಯ ಹುಟ್ಟುತ್ತದೆ. ಹಿಂದಿನಿಂದ ಬೀಳುವ ಬ್ಯಾಕ್ ಲೈಟಿಗೆ ಸ್ಟ್ಯಾಂಡ್ ಹಾಕಿದರೆ ಫ್ರೇಮಿಗೆ ಬರುತ್ತದೆ, ಲಾಫ್ಟಿನ ಅಂಚಿಗೆ ಕ್ಲ್ಯಾಂಪ್ ಮಾಡುತ್ತೇನೆ. ಕುರ್ಚಿಗಳು ಗೋಡೆಯಿಂದ 4 ಅಡಿಯಾದರೂ ಮುಂದಿರಲಿ, ಇಲ್ಲದಿದ್ದರೆ ತಲೆಯ ನೆರಳು ಗೋಡೆಗೆ ಅಂಟುತ್ತದೆ. ಚೂಪು ಅಂಚಿನ ನೆರಳು ಬೀಳಿಸುವ ಗಡಸು ಬೆಳಕಿಗೆ ದೊಡ್ಡ ಲೈಟೇ ಬೇಕೆಂದಿಲ್ಲ. ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ನಲ್ಲಿ (1959) ಕನ್ನಡಿ ಹಿಡಿಸಿ ಬಿಸಿಲನ್ನೇ ಸ್ಟುಡಿಯೋದೊಳಗೆ ಕೋಲಿನಂತೆ ಇಳಿಸಿದರು. ಕಿಟಕಿಯಾಚೆ 2x3 ಅಡಿಯ ಕನ್ನಡಿ ನಮಗೆ ಸಾಕು. ಸೂರ್ಯ ಸರಿಯುವುದರಿಂದ ಪ್ರತಿ ಟೇಕಿಗೂ ಮುನ್ನ ತಿರುಗಿಸಿಕೊಳ್ಳಬೇಕು, ಅಷ್ಟೇ.

ಸಂಕಲನಕ್ಕೆ ಬೇಕಾದ್ದನ್ನು ಸೆಟ್ಟಿನಲ್ಲೇ ಬಿತ್ತಬೇಕು. ಲೋಟ ಎತ್ತಿ ಕುಡಿಯುವುದಿದ್ದರೆ ಅದನ್ನು ಮಾಸ್ಟರಿನಲ್ಲೂ ಕ್ಲೋಸಪ್ಪಿನಲ್ಲೂ ಪೂರ್ತಿ ಮಾಡಿಸುತ್ತೇನೆ, ಅದೇ ಕೈಯಲ್ಲಿ, ಅದೇ ಮಾತಿಗೆ. ಕೈ ಮೇಲೆದ್ದು ಮೂರನೇ ಒಂದು ಪಾಲು ಸಾಗಿದಾಗ ಕತ್ತರಿಸಿದರೆ ಕಣ್ಣು ಚಲನೆಯ ಹಿಂದೆ ಹೋಗಿ ಕಟ್ ಮರೆಯಾಗುತ್ತದೆ. ಎರಡನೇ ಶಾಟನ್ನು 2–3 ಫ್ರೇಮ್ ಹಿಂದಿನಿಂದ ಶುರುಮಾಡಿದರೆ ಇನ್ನೂ ನಯ. ಸುಳ್ಳು ಹೇಳುವವಳ ಸಾಲು ಮುಗಿಯುವ ಮೊದಲೇ ಕೇಳುವವನ ಮುಖಕ್ಕೆ ಹೋಗುತ್ತೇನೆ. ಅವನು ನಂಬಿದನೇ ಎಂಬುದೇ ದೃಶ್ಯ. 3 ನಿಮಿಷದ ದೃಶ್ಯದಲ್ಲಿ ಬಿಗಿ ಕ್ಲೋಸಪ್ ಎರಡು ಸಾಕು. ಮೊದಲ ನಿಮಿಷದಲ್ಲೇ ಖರ್ಚು ಮಾಡಿದರೆ ಕೊನೆಗೆ ಹೋಗಲು ಜಾಗವಿರುವುದಿಲ್ಲ.

ಕಟ್ಟೇ ಬೇಡ, ಮುಂದಿನವರೂ ಹಿಂದಿನವರೂ ಚೂಪಾಗಿ ಕಾಣಲಿ ಅನ್ನುವವರು ‘ಸಿಟಿಜನ್ ಕೇನ್’ (1941) ತೋರಿಸುತ್ತಾರೆ. ಅದರ ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಅಗಲ ಲೆನ್ಸು, ಸಣ್ಣ ಅಪರ್ಚರು (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ), ರಾಶಿ ಬೆಳಕು ಬಳಸಿದರು. ನಮ್ಮ ಕೋಣೆಯಲ್ಲಿ 24 ಎಂಎಂ, ಎಫ್/8 (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಸಣ್ಣದು) ಇಟ್ಟು ಸುಮಾರು 9.5 ಅಡಿಗೆ ಫೋಕಸ್ ಮಾಡಿದರೆ 5 ಅಡಿಯಿಂದಾಚೆ ಎಲ್ಲವೂ ಚೂಪು. ಆದರೆ ಎಫ್/2.8ಕ್ಕಿಂತ 8 ಪಟ್ಟು ಬೆಳಕು ಬೇಕು, ಅಥವಾ ಐಎಸ್ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800ರಿಂದ 6400ಕ್ಕೆ ಏರಿಸಿ ಗ್ರೇನ್ಸ್, ಅಂದರೆ ಚಿತ್ರದ ಮೇಲಿನ ಮರಳುಮರಳು ಚುಕ್ಕೆ ಸಹಿಸಿಕೊಳ್ಳಬೇಕು. ಲೋಟವನ್ನು ಲೆನ್ಸಿನಿಂದ ಒಂದು ಅಡಿಗೆ ತಂದರೆ ಈ ಲೆಕ್ಕವೂ ಕೈಬಿಡುತ್ತದೆ. ಆ ಚಿತ್ರದಲ್ಲೇ ಮುಂದೆ ಲೋಟ, ಹಿಂದೆ ಬಾಗಿಲು ಕಾಣುವ ಪ್ರಸಿದ್ಧ ಶಾಟ್ ಒಂದೇ ಫೋಕಸಿನಲ್ಲಿ ಸಿಕ್ಕಿದ್ದಲ್ಲ, ಒಂದೇ ಫಿಲ್ಮಿನ ಮೇಲೆ ಬೇರೆ ಬೇರೆಯಾಗಿ ಎಕ್ಸ್‌ಪೋಸ್ ಮಾಡಿ ಜೋಡಿಸಿದ್ದು. ಇಂದು ಇನ್ನೂ ಸುಲಭ: ಟ್ರೈಪಾಡ್ ಅಲ್ಲಾಡದಂತೆ ಬಿಗಿದು, ಲೋಟಕ್ಕೆ ಒಂದು ಟೇಕ್, ಬಾಗಿಲಿಗೆ ಇನ್ನೊಂದು, ಎರಡನ್ನೂ ಸಂಕಲನದಲ್ಲಿ ಮಾಸ್ಕ್ ಹಾಕಿ (ಪ್ರತಿ ಟೇಕಿನ ಬೇಕಾದ ಭಾಗವನ್ನಷ್ಟೇ ಉಳಿಸಿ) ಸೇರಿಸುವುದು. ಫೋಕಸ್ ಬದಲಾದಾಗ ಕೆಲವು ಲೆನ್ಸುಗಳಲ್ಲಿ ಫ್ರೇಮ್ ತುಸು ಹಿಗ್ಗುತ್ತದೆ, ಆದ್ದರಿಂದ ಸುತ್ತ 5 ಶೇಕಡಾ ಜಾಗ ಬಿಟ್ಟು ತೆಗೆಯಬೇಕು, ಮಾಸ್ಕಿನ ಅಂಚು ಮೇಜಿನ ಅಂಚಿನ ಮೇಲೇ ಬೀಳುವಂತೆ ನೋಡಿಕೊಳ್ಳಬೇಕು. ನಟಿಯ ಕೈ ಆ ಅಂಚು ದಾಟಿತೋ, ಬೆರಳು ಅರ್ಧಕ್ಕೆ ತುಂಡಾಗಿ ಕಾಣುತ್ತದೆ.