ಹೈಪ್‌ಗೆ ಬಿದ್ದು ಮಡಚೋ ಚಾಕು ತಗೊಳ್ಳೋ ಮುಂಚೆ, ತಗೊಂಡಾಗಿದ್ರೆ ಆಮೇಲೆ, ಏನೇನು ನೋಡ್ಬೇಕು

ನನ್ನ ಹತ್ರ ಒಂದು ಮಡಚೋ ಚಾಕು ಇದೆ, ಟೈಟಾನಿಯಂ ಹಿಡಿ, ಒಳಗೆ ಬೇರಿಂಗು, ಅಲಗು ಎಸ್90ವಿ ಸ್ಟೀಲು. ವೇಟಿಂಗ್ ಲಿಸ್ಟಲ್ಲಿ ನಾಲ್ಕು ತಿಂಗಳು ಕಾದು ತರಿಸಿದ್ದು, ಯಾವ ವೀಡಿಯೋ ತೆಗೆದ್ರೂ ಅದನ್ನ ಹೊಗಳಿದ್ದೇ ಹೊಗಳಿದ್ದು. ಬಂದ ದಿನ ಪಾರ್ಸಲ್ ರಟ್ಟನ್ನೇ ಅದ್ರಲ್ಲಿ ಕುಯ್ಯೋಣ ಅಂತ ಹೋದೆ, ಅರ್ಧಕ್ಕೆ ಸಿಕ್ಕಾಕೊಂಡು ನಿಂತ್ಬಿಡ್ತು ಮಾರಾಯ್ರೆ. ಹರಿತ ಇರ್ಲಿಲ್ವಾ ಅಂದ್ರೆ ಇತ್ತು, ಮುಂಗೈ ಮೇಲಿನ ಕೂದಲು ಒಂದೇ ಎಳೆತಕ್ಕೆ ಹೋಯ್ತು, ರಟ್ಟು ಮಾತ್ರ ಹೋಗ್ಲಿಲ್ಲ. ಡ್ರಾಯರ್ ಮೂಲೇಲಿ ಬಿದ್ದಿದ್ದ ಮರದ ಹಿಡಿಯ ಹಳೇ ಒಪಿನೆಲ್ (ಫ್ರಾನ್ಸಿನ ಸಾದಾ ಮಡಚೋ ಚಾಕು) ತಗೊಂಡು ಅದೇ ರಟ್ಟಿಗೆ ಹಾಕಿದೆ, ಸರ್ರಂತ ಆ ಕಡೆಗೆ ಹೊರಟೋಯ್ತು.

ಅವತ್ತು ರಾತ್ರಿ ಕೂತು ವರ್ನಿಯರ್ ಕ್ಯಾಲಿಪರ್ ಹಿಡ್ದು ಎರಡನ್ನೂ ಅಳೆದೆ, ವಿಷಯ ಗೊತ್ತಾಯ್ತು. ಚಾಕು ಬಾಯಲ್ಲಿ ಸಾಣೆ ಹಿಡಿದಿರೋ ಆ ಸಣ್ಣ ಹೊಳೆಯೋ ಪಟ್ಟಿ ಇರುತ್ತಲ್ಲ, ಅದು ಮುಗಿದು ಅಲಗಿನ ಮೈ ಶುರುವಾಗೋ ಜಾಗದ ದಪ್ಪ ಎಷ್ಟು ಅನ್ನೋದೇ ಮುಖ್ಯ. ಅದು 0.3ರಿಂದ 0.4 ಮಿಲಿಮೀಟರ್ ಇದ್ರೆ ರಟ್ಟು, ಹಗ್ಗ, ಪ್ಲಾಸ್ಟಿಕ್ಕು ಎಲ್ಲ ಆರಾಮಾಗಿ ಕುಯ್ಯುತ್ತೆ, 0.5 ಪರ್ವಾಗಿಲ್ಲ, 0.7 ದಾಟ್ತು ಅಂದ್ರೆ ನೀವು ತಗೊಂಡಿರೋದು ಚಾಕು ಅಲ್ಲ, ಜೇಬಲ್ಲಿ ಇಟ್ಕೊಳ್ಳೋ ಸೀಳುಗತ್ತಿ ಅಂತ ತಿಳ್ಕೊಳ್ಳಿ. ನಂದು 0.8 ಇತ್ತು. ಬಾಯಿ ಎಷ್ಟೇ ಚೂಪಿರ್ಲಿ, ಅದ್ರ ಹಿಂದೆನೇ ಗೋಡೆ ಥರ ದಪ್ಪ ಮೈ ಬರ್ತಿದ್ರೆ ರಟ್ಟು ಎರಡೂ ಕಡೆಯಿಂದ ಒತ್ತಿ ಹಿಡ್ಕೊಂಡ್ಬಿಡುತ್ತೆ. ಕೂದಲು ತೆಳ್ಳಗಿರೋದ್ರಿಂದ ಅದಕ್ಕೆ ಈ ದಪ್ಪ ಗೊತ್ತೇ ಆಗಲ್ಲ, ಅದಕ್ಕೇ ವೀಡಿಯೋದಲ್ಲಿ ಎಲ್ರೂ ಪೇಪರ್ರು, ಕೂದಲು ಕುಯ್ದು ತೋರಿಸ್ತಾರೆ, ದಪ್ಪ ರಟ್ಟು ಯಾರೂ ಮುಟ್ಟಲ್ಲ.

ಹಂಗಾಗಿ ಮೊದಲ್ನೇ ಕೆಲಸ, ತಗೊಳ್ಳೋ ಮುಂಚೆ ಈ ದಪ್ಪ ಎಷ್ಟು ಅಂತ ಹುಡುಕಿ. ಕಂಪನಿಯವ್ರು ಅಲಗಿನ ಬೆನ್ನಿನ ದಪ್ಪ ಮಾತ್ರ ಬರೀತಾರೆ, 3 ಮಿಲಿಮೀಟರ್, 4 ಮಿಲಿಮೀಟರ್ ಅಂತ, ಅದ್ರಿಂದ ಪೂರ್ತಿ ತಿಳಿಯಲ್ಲ, ಆದ್ರೂ ಸಣ್ಣ ಅಲಗಿಗೆ 4 ಮಿಲಿಮೀಟರ್ ಬೆನ್ನು ಅಂದ್ರೆ ಅನುಮಾನ ಪಡಿ, ಯಾಕಂದ್ರೆ ಅಗಲ ಕಮ್ಮಿ ಇರೋ ಅಲಗಲ್ಲಿ ಅಷ್ಟು ದಪ್ಪದಿಂದ ತೆಳುವಿಗೆ ಇಳಿಯೋಕೆ ಜಾಗನೇ ಇರಲ್ಲ. ಉಪಯೋಗಿಸ್ತಿರೋ ಯಾರಾದ್ರೂ ಇದ್ರೆ ಕ್ಯಾಲಿಪರ್ ಇಟ್ಟು ಅಳೆದು ಹೇಳಿ ಅಂತ ಕೇಳಿ. ಕೈಗೆ ಸಿಗೋ ಹಂಗಿದ್ರೆ ಮೊನೆ ಕಡೆಯಿಂದ ಬಾಯನ್ನ ನೇರ ನೋಡಿ, ಬೆನ್ನಿಂದ ಬಾಯಿವರೆಗೂ ಇಳಿಜಾರು ಇದ್ರೆ ಒಳ್ಳೇದು, ಅರ್ಧದವರೆಗೂ ಹಲಗೆ ಥರ ಸಪಾಟಾಗಿ ಬಂದು ಆಮೇಲೆ ದಿಢೀರಂತ ಇಳಿದಿದ್ರೆ ಅಲ್ಲೇ ಬಿಟ್ಟು ಬನ್ನಿ.

ಇನ್ನು ಸ್ಟೀಲಿನ ಹೆಸರು. ಜನ ಜಾಸ್ತಿ ಮೋಸ ಹೋಗೋದು ಇಲ್ಲೇ, ನಾನೂ ಹೋಗಿದ್ದು ಇಲ್ಲೇ. ಸ್ಟೀಲಿನ ಹೆಸರು ಅಂದ್ರೆ ಅದ್ರೊಳಗೆ ಏನೇನು ಬೆರೆಸಿದಾರೆ ಅನ್ನೋ ಲೆಕ್ಕ ಅಷ್ಟೇ, ಅದನ್ನ ಕಾಯಿಸಿ ತಣಿಸಿ ಹದ ಮಾಡಿದ್ದು ಹೆಂಗೆ ಅಂತ ಅದ್ರಲ್ಲಿ ಇರಲ್ಲ. ಎಂ390 ಅಂತ ಒಂದು ಸ್ಟೀಲ್ ಇದೆ, 1.9 ಪರ್ಸೆಂಟ್ ಕಾರ್ಬನ್, 20 ಪರ್ಸೆಂಟ್ ಕ್ರೋಮಿಯಂ, 4 ಪರ್ಸೆಂಟ್ ವನೇಡಿಯಂ. ಅದನ್ನ ಗಟ್ಟಿತನ ಅಳೆಯೋ ರಾಕ್‌ವೆಲ್ ಸಿ ಅಳತೇಲಿ 60, 61ಕ್ಕೆ ಹದ ಮಾಡಿದ್ರೆ ತಿಂಗಳುಗಟ್ಟಲೆ ಹರಿತ ಉಳಿಯುತ್ತೆ, ಅದೇ ಸ್ಟೀಲನ್ನ 57ಕ್ಕೆ ಬಿಟ್ರೆ ಬಾಯಿ ಬೇಗ ಮಗುಚ್ಕೊಂಡು ಮೊಂಡಾಗುತ್ತೆ, ಹೆಸರು ಮಾತ್ರ ಅಲಗಿನ ಮೇಲೆ ಅದೇ ಇರುತ್ತೆ. ಬಕ್ ಕಂಪನಿಯವ್ರ 110 ಅನ್ನೋ ಚಾಕು 1964ರಿಂದ ಇದೆ, ಅದ್ರಲ್ಲಿ ಹಾಕೋದು 420ಎಚ್‌ಸಿ, ಇವತ್ತಿನ ಲೆಕ್ಕಕ್ಕೆ ಸಾಧಾರಣ ಸ್ಟೀಲು, ಹೆಸರು ಕೇಳಿದ್ರೆ ಯಾರೂ ತಿರುಗಿ ನೋಡಲ್ಲ, ಆದ್ರೆ ಅವ್ರ ಹದ ಚೆನ್ನಾಗಿರುತ್ತೆ ಅಂತ ವರ್ಷಾನುಗಟ್ಲೆ ಹೆಸರು ಪಡ್ಕೊಂಡಿದೆ. ಅದಕ್ಕೇ ಸ್ಟೀಲಿನ ಹೆಸರಿನ ಪಕ್ಕ ಗಟ್ಟಿತನದ ನಂಬರ್ ಬರೆದಿದಾರಾ ನೋಡಿ. 59–61 ಅಂತ ಎರಡು ಅಂಕಿ ವ್ಯತ್ಯಾಸ ಇಟ್ಟು ಬರೆದಿದ್ರೆ ಓಕೆ. ಬರೀ ಸೂಪರ್ ಸ್ಟೀಲ್ ಅಂತ ಬರೆದು ಸುಮ್ನಾಗಿದ್ರೆ ಇಮೇಲ್ ಹಾಕಿ ಕೇಳಿ, ಉತ್ತರ ಬರ್ಲಿಲ್ಲ ಅಂದ್ರೆ ಅದೂ ಒಂದು ಉತ್ತರನೇ.

ಕೆಲವು ಪದ ಕಂಡ್ರೆ ಓದೋದನ್ನೇ ನಿಲ್ಲಿಸ್ಬಹುದು. ಸರ್ಜಿಕಲ್ ಸ್ಟೀಲ್ ಅಂದ್ರೆ ಯಾವ ಸ್ಟೀಲೂ ಆಗಬಹುದು, ಅದೊಂದು ಗ್ರೇಡೇ ಅಲ್ಲ. ಬರೀ 440 ಅಂತ ಬರೆದಿದ್ರೆ ಎ, ಬಿ, ಸಿ ಯಾವುದು ಅಂತ ಕೇಳಿ, ಅದ್ರಲ್ಲಿ ಹರಿತ ಜಾಸ್ತಿ ನಿಲ್ಲೋದು ಸಿ, ಸಿ ಆಗಿದ್ರೆ ಅವ್ರೇ ದೊಡ್ಡ ಅಕ್ಷರದಲ್ಲಿ ಹಾಕ್ತಿದ್ರು. 3ಸಿಆರ್13 ಅಂತಿದ್ರೆ ಕಾರ್ಬನ್ 0.3 ಪರ್ಸೆಂಟ್ ಹತ್ರ, ಅದ್ರಲ್ಲಿ ಹರಿತ ನಿಲ್ಲೋದು ಕಷ್ಟ. ಡಮಾಸ್ಕಸ್ ಅಂತ ಅಲೆ ಅಲೆ ಡಿಸೈನ್ ಇದ್ರೆ ಅಲಗಿನ ಬೆನ್ನು ನೋಡಿ, ನಿಜವಾದ ಪದರ ಆದ್ರೆ ಗೆರೆ ಬೆನ್ನಿನ ಮೇಲೂ ಹಾದು ಆ ಕಡೆಗೆ ಹೋಗಿರುತ್ತೆ, ಲೇಸರಲ್ಲಿ ಬಿಡಿಸಿದ್ದಾದ್ರೆ ಎರಡು ಪಕ್ಕ ಮಾತ್ರ ಇದ್ದು ಬೆನ್ನು ಬೋಳಾಗಿರುತ್ತೆ (ಬೆನ್ನಿಗೆ ಪಾಲಿಶ್ ಹೊಡೆದಿದ್ರೆ ಅಸಲಿಯಲ್ಲೂ ಗೆರೆ ಮಸುಕಾಗಿ ಕಾಣಬಹುದು, ಬೆಳಕಿಗೆ ಹಿಡ್ದು ನೋಡಿ). ಡಿ2 ಅನ್ನೋ ಸ್ಟೀಲಿನ ಬಗ್ಗೆ ಒಂದು ಮಾತು, ಅದ್ರಲ್ಲಿ ಕ್ರೋಮಿಯಂ 12 ಪರ್ಸೆಂಟ್ ಇದೆ ಅಂತ ತುಕ್ಕು ಹಿಡಿಯಲ್ಲ ಅಂದ್ಕೊಂಡು ಬೆವರು ಜೇಬಲ್ಲಿ ಇಟ್ಟೋರು ತುಂಬ ಜನ, ಕಾರ್ಬನ್ 1.5 ಪರ್ಸೆಂಟ್ ಇರೋದ್ರಿಂದ ಕ್ರೋಮಿಯಂನಲ್ಲಿ ತುಂಬಾ ಪಾಲು ಅದ್ರ ಜೊತೆ ಸೇರ್ಕೊಂಡ್ಬಿಡುತ್ತೆ, ತುಕ್ಕು ತಡೆಯೋಕೆ ಉಳಿಯೋದು ಕಮ್ಮಿ. ಒರೆಸಿ ಒಂಚೂರು ಎಣ್ಣೆ ಸವರಿ ಇಟ್ರೆ ಒಳ್ಳೇ ಸ್ಟೀಲೇ ಅದು, ನಂಗೆ ಇಷ್ಟ.

ವೀಡಿಯೋ ನೋಡ್ಬೇಡಿ ಅಂತ ನಾನು ಹೇಳಲ್ಲ, ನಾನೇ ದಿನಾ ನೋಡ್ತೀನಿ. ಆದ್ರೆ ಅದನ್ನ ಹೆಂಗೆ ನೋಡ್ಬೇಕು ಅಂದ್ರೆ, ಹತ್ತು ನಿಮಿಷದ ವೀಡಿಯೋದಲ್ಲಿ ಚಾಕು ಏನನ್ನಾದ್ರೂ ಕುಯ್ದಿದ್ದು ಎಷ್ಟು ನಿಮಿಷ ಅಂತ ಲೆಕ್ಕ ಹಾಕಿ. ಒಂಬತ್ತು ನಿಮಿಷ ಟಕ್ ಟಕ್ ಅಂತ ತೆಗೆದು ಮುಚ್ಚೋದೇ (ಇದಕ್ಕೆ ಆಕ್ಷನ್ ಅಂತಾರೆ) ಆಗಿದ್ರೆ ಅದು ಆಟಿಕೆ ರಿವ್ಯೂ. ಚಾಕು ಅವ್ರಿಗೆ ಬಂದು ಎಷ್ಟು ದಿನ ಆಯ್ತು, ಅಲಗಿನ ಮೇಲೆ ಒಂದಾದ್ರೂ ಗೀರು ಇದ್ಯಾ, ಸಾಣೆ ಹಿಡಿದಿದಾರಾ, ಬಿಚ್ಚಿ ಕ್ಲೀನ್ ಮಾಡಿದಾರಾ, ಇಷ್ಟು ನೋಡಿ. ಫ್ರೇಮ್ ಲಾಕ್ (ಹಿಡಿಯ ಒಂದು ಪಕ್ಕದ ಭಾಗವೇ ಒಳಗೆ ಬಾಗಿ ಅಲಗನ್ನ ತಡೆಯೋ ಲಾಕ್) ಚಾಕುಗಳಲ್ಲಿ ಸೆಬೆನ್ಜಾ ಅಂತ ತುಂಬ ಹೆಸರುವಾಸಿ ಒಂದಿದೆ, ಕ್ರಿಸ್ ರೀವ್ ಮಾಡಿದ್ದು, ಜುಲು ಭಾಷೇಲಿ ಆ ಪದಕ್ಕೆ ಕೆಲಸ ಅಂತ ಅರ್ಥ, ಅದನ್ನ ತಗೊಂಡು ಬಟ್ಟೇಲಿ ಸುತ್ತಿ ಬೀರುವಲ್ಲಿ ಇಡೋರೇ ನಂಗೆ ಜಾಸ್ತಿ ಸಿಕ್ಕಿರೋದು.

ಸರಿ, ತಗೊಂಡ್ರಿ, ಬಂತು. ವಾಪಸ್ ಕೊಡೋ ಗಡುವು ಇರೋ ಅಷ್ಟು ದಿನ ಸಾಣೆ ಹಿಡೀಬೇಡಿ, ಸ್ಕ್ರೂ ಬಿಚ್ಚಬೇಡಿ, ಮೊದ್ಲು ಇವಿಷ್ಟು ನೋಡ್ಕೊಳ್ಳಿ. ಮುಚ್ಚಿದಾಗ ಅಲಗು ಹಿಡಿಯ ನಡುವೆ ಇದ್ಯಾ, ಒಂದು ಕಡೆ ಉಜ್ತಿದ್ಯಾ. ಸ್ವಲ್ಪ ಓರೆ ಇದ್ರೆ ತಲೆ ಕೆಡಿಸ್ಕೊಬೇಡಿ, ಉಜ್ತಿದ್ರೆ ವಾಪಸ್. ಮುಚ್ಚಿದ ಚಾಕುವನ್ನ ಹಿಡಿಯಲ್ಲಿ ಅಲಗು ಹೊರಗೆ ಬರೋ ಸಂದು ನೆಲದ ಕಡೆ ಇರೋ ಹಂಗೆ ಹಿಡ್ದು ಮೆಲ್ಲಗೆ ಕುಲುಕಿ, ಅಲಗು ತಾನಾಗೇ ಹೊರಗೆ ಬರ್ಬಾರ್ದು, ಬಂದ್ರೆ ಜೇಬಲ್ಲೇ ತೆರ್ಕೊಂಡು ನಿಮ್ಮ ಬೆರಳಿಗೇ ಕಾದಿರುತ್ತೆ, ಇದ್ರಲ್ಲಿ ಮುಲಾಜು ಬೇಡ. ಆಮೇಲೆ ತೆರೆದು ಲಾಕ್ ಬೀಳಿಸಿ ಅಲಗನ್ನ ಬೆನ್ನ ಕಡೆಯಿಂದ ಹಿಡ್ಕೊಂಡು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಎಡಬಲ ಒಂಚೂರು ಆಡಿದ್ರೆ ಪಿವಟ್ ಸ್ಕ್ರೂ (ಅಲಗು ತಿರುಗೋ ಜಾಗದ ಸ್ಕ್ರೂ) ಬಿಗಿ ಮಾಡಿದ್ರೆ ಹೋಗುತ್ತೆ. ಮೇಲೆ ಕೆಳಗೆ ಆಡಿದ್ರೆ ಅದು ಲಾಕಿನ ತೊಂದರೆ, ನೀವು ಸ್ಕ್ರೂ ಎಷ್ಟು ತಿರುಗಿಸಿದ್ರೂ ಸರಿಯಾಗಲ್ಲ.

ಲೈನರ್ ಲಾಕ್ (ಹಿಡಿಯ ಒಳಗಿನ ತೆಳು ಪಟ್ಟಿ ಬಾಗಿ ಅಲಗನ್ನ ತಡೆಯೋದು), ಫ್ರೇಮ್ ಲಾಕ್ ಆದ್ರೆ ಲಾಕಿನ ಪಟ್ಟಿ ಅಲಗಿನ ಬುಡದ ಮೇಲೆ ಎಷ್ಟು ಒಳಗೆ ಬಂದು ಕೂತಿದೆ ನೋಡಿ, ಅರ್ಧದ ಒಳಗೆ ಇದ್ರೆ ಸವೆಯೋಕೆ ಇನ್ನೂ ಜಾಗ ಇದೆ ಅಂತ, ಹೊಸದ್ರಲ್ಲೇ ಆ ತುದಿ ಮುಟ್ಟಿದ್ರೆ ಇನ್ನೆಲ್ಲಿಗೆ ಹೋಗುತ್ತೆ. ಟೈಟಾನಿಯಂ ಅಲಗಿನ ಸ್ಟೀಲಿಗಿಂತ ಮೆತ್ತಗೆ, ನೇರ ಸ್ಟೀಲಿಗೆ ಉಜ್ಜಿದ್ರೆ ಅಂಟ್ಕೊಳ್ಳುತ್ತೆ, ಸವೆಯುತ್ತೆ, ಅದಕ್ಕೇ ಒಳ್ಳೇ ಫ್ರೇಮ್ ಲಾಕುಗಳಲ್ಲಿ ಲಾಕಿನ ತುದಿಗೆ ಸಣ್ಣ ಸ್ಟೀಲಿನ ತುಂಡು ಹಾಕಿರ್ತಾರೆ, ಇದ್ಯಾ ನೋಡ್ಕೊಳ್ಳಿ. ಹಿಡಿಯ ಅಡ್ಡಕ್ಕೆ ಗುಂಡು ಪಿನ್ ಇರೋ ಅಡ್ಡಪಿನ್ ಲಾಕ್ ನನಗೆ ತುಂಬ ಇಷ್ಟ, ಬೆರಳು ಅಲಗಿನ ದಾರೀಲಿ ಬರಲ್ಲ, ಆದ್ರೆ ಅದ್ರೊಳಗಿನ ತಂತಿ ಸ್ಪ್ರಿಂಗ್ ಮುರಿಯೋದುಂಟು, ಬಿಡಿಭಾಗ ಸಿಗುತ್ತಾ ಕೇಳ್ಕೊಂಡೇ ತಗೊಳ್ಳಿ. ವೀಡಿಯೋದಲ್ಲಿ ಮಾಡ್ತಾರಲ್ಲ, ಚಾಕು ಬೆನ್ನನ್ನ ಟೇಬಲಿಗೆ ದಬದಬ ಬಡಿಯೋದು, ಅದನ್ನ ಮಾಡಕ್ಕೆ ಹೋಗ್ಬೇಡಿ, ಚೆನ್ನಾಗಿರೋ ಲಾಕೂ ಹಾಳಾಗುತ್ತೆ, ವಾರಂಟಿನೂ ಹೋಗುತ್ತೆ. ಬೆರಳುಗಳನ್ನ ಅಲಗು ಮಡಚೋ ದಾರಿಯಿಂದ ಪೂರ್ತಿ ಹೊರಗೆ ಇಟ್ಕೊಂಡು ಬೆನ್ನನ್ನ ಮರದ ತುಂಡಿಗೆ ಒತ್ತಿ, ನಿಧಾನಕ್ಕೆ ಜೋರು ಜಾಸ್ತಿ ಮಾಡಿ, ಅಷ್ಟರಲ್ಲೇ ಜಾರಿದ್ರೆ ಆ ಲಾಕನ್ನ ನಂಬಬೇಡಿ.

ಇದಾದ್ಮೇಲೆ ಯಾರೂ ಮಾಡದೇ ಇರೋ ಟೆಸ್ಟ್ ಒಂದಿದೆ. ದಪ್ಪ ರಟ್ಟು ತಗೊಂಡು ಹತ್ತು ನಿಮಿಷ ಬಿಡದೆ ಕುಯ್ಯಿರಿ. ಐದ್ನೇ ನಿಮಿಷಕ್ಕೆ ಗೊತ್ತಾಗುತ್ತೆ ಹಿಡಿ ಮಾಡ್ದೋನು ಕೈ ನೋಡಿ ಮಾಡಿದ್ನಾ ಫೋಟೋ ನೋಡಿ ಮಾಡಿದ್ನಾ ಅಂತ. ನನ್ನ ಎರಡ್ನೇ ಹೈಪ್ ಚಾಕು ಇಲ್ಲೇ ಸೋತಿದ್ದು, ಅಲಗು ತೆಳ್ಳಗೆ ಚೆನ್ನಾಗಿತ್ತು, ಜೇಬಿನ ಕ್ಲಿಪ್ಪು ಮಾತ್ರ ಸರಿಯಾಗಿ ಅಂಗೈ ನಡುವಿಗೆ ಬಂದು ಒತ್ತಿ ಒತ್ತಿ ಬೊಬ್ಬೆ ಎದ್ದಿತ್ತು. ಕ್ಲಿಪ್ ಬಿಚ್ಚಿದ್ರೆ ಜೇಬಲ್ಲಿ ನಿಲ್ಲಲ್ಲ, ಹಾಕಿದ್ರೆ ಕೈಲಿ ನಿಲ್ಲಲ್ಲ. ತೂಕನೂ ಹಂಗೇ, ಕೂತ್ಕೊಂಡಾಗ ತೊಡೆಗೆ ಒತ್ತೋ ಚಾಕುವನ್ನ ಮೂರ್ನೇ ವಾರ ನೀವೇ ಮನೇಲಿ ಬಿಟ್ಟು ಹೋಗ್ತೀರ. ಜೇಬಲ್ಲಿ ಇಟ್ಕೊಂಡು ಓಡಾಡೋ ಮುಂಚೆ ನಿಮ್ಮ ಕಡೆ ಕಾನೂನು ಏನಿದೆ ಅಂತನೂ ನೋಡಿ, ಒಂದೊಂದು ದೇಶದಲ್ಲಿ ಒಂದೊಂದು ಥರ, ಬ್ರಿಟನ್‌ನಲ್ಲಿ ಕಾರಣ ಕೊಡದೆ ಇಟ್ಕೊಳ್ಳೋಕೆ ಬಿಡೋದು ಲಾಕ್ ಇಲ್ಲದ, ಬಾಯಿ 3 ಇಂಚಿನ ಒಳಗಿರೋ ಮಡಚೋ ಚಾಕು ಮಾತ್ರ, ಹಂಗಾಗಿ ಅಲ್ಲಿ ಲಾಕಿನ ಹೈಪ್ ಎಲ್ಲ ವೇಸ್ಟು.

ಈಗ ಗಡುವು ಮುಗಿದು ಸಿಕ್ಕಾಕೊಂಡಿರೋರಿಗೆ. ಬೇಜಾರಲ್ಲಿ ಡ್ರಾಯರ್‌ಗೆ ಎಸೆಯೋ ಮುಂಚೆ ಒಂದ್ಸಲ ನೀವೇ ಸಾಣೆ ಹಿಡೀರಿ. ಕಾರ್ಖಾನೇಲಿ ಬೆಲ್ಟಿನ ಮೇಲೆ ಬೇಗ ಬೇಗ ಉಜ್ಜುವಾಗ ಬಾಯಿಯ ತುತ್ತತುದಿ ಕಾದು ಹದ ಕಳ್ಕೊಂಡಿರೋ ಸಾಧ್ಯತೆ ಇದೆ, ಎರಡ್ಮೂರು ಸಲ ಸಾಣೆ ಹಿಡಿದು ಆ ಕೆಟ್ಟ ಭಾಗ ಹೋದ್ರೆ ಒಳಗಿನ ಒಳ್ಳೇ ಸ್ಟೀಲ್ ಬಾಯಿಗೆ ಬರುತ್ತೆ. ಆಗ ಅದೇ ಚಾಕು ಬೇರೆ ಥರ ನಡ್ಕೊಳ್ಳೋದು ನಾನೇ ನೋಡಿದೀನಿ. ವನೇಡಿಯಂ ಜಾಸ್ತಿ ಇರೋ ಸ್ಟೀಲಿಗೆ, ಎಸ್90ವಿ ಥರದ್ದು, 9 ಪರ್ಸೆಂಟ್ ವನೇಡಿಯಂ ಇರುತ್ತೆ ಅದ್ರಲ್ಲಿ, ಮಾಮೂಲಿ ಕಲ್ಲು ಆಗಲ್ಲ, ವನೇಡಿಯಂ ಕಾರ್ಬೈಡು ಆ ಕಲ್ಲಿಗಿಂತ ಗಟ್ಟಿ, ಉಜ್ಜಿ ಉಜ್ಜಿ ಕೈ ಸೋಲುತ್ತೆ ಅಷ್ಟೇ, ಡೈಮಂಡ್ ಪ್ಲೇಟ್ ಬೇಕು. ಈ ಖರ್ಚನ್ನ ಚಾಕು ಮಾರೋರು ಯಾರೂ ಹೇಳಲ್ಲ. ಒಂದೊಂದು ಬದಿಗೆ 15ರಿಂದ 17 ಡಿಗ್ರಿ ಇಟ್ಟು ಹಿಡೀರಿ, ಇನ್ನೊಂದು ಬದಿಗೆ ಬೆರಳು ಸವರಿದ್ರೆ (ಬಾಯಿಯಿಂದ ಆಚೆಗೆ, ಉದ್ದಕ್ಕಲ್ಲ) ಗೊರಗೊರ ಅನ್ನೋ ಬರ್ (ಉಜ್ಜಿದಾಗ ಆ ಕಡೆಗೆ ಮಡಚಿಕೊಳ್ಳೋ ಲೋಹದ ಸಣ್ಣ ಎಳೆ) ಸಿಗೋವರೆಗೂ ಬದಿ ಬದಲಾಯಿಸ್ಬೇಡಿ. ಆ ಬರ್ ಪೂರ್ತಿ ತೆಗೆಯದೆ ಬಿಟ್ರೆ ಮೊದಲ್ನೇ ದಿನ ಸಖತ್ ಹರಿತ, ಎರಡ್ನೇ ದಿನ ಮೊಂಡು, ಆಮೇಲೆ ಸ್ಟೀಲನ್ನ ಬೈತೀರ.

ಬಾಯಿ ಹಿಂದಿನ ದಪ್ಪ ಇಳಿಸೋದೂ ಆಗುತ್ತೆ, ಒರಟು ಡೈಮಂಡ್ ಪ್ಲೇಟ್ ಮೇಲೆ 10, 12 ಡಿಗ್ರಿಗೆ ಉಜ್ಜಿ ಭುಜ (ಹೊಳೆಯೋ ಪಟ್ಟಿ ಮುಗಿಯೋ ಜಾಗದ ಉಬ್ಬು) ತೆಗೆದು ಆಮೇಲೆ 16ಕ್ಕೆ ಸಣ್ಣ ಬಾಯಿ ಕೊಡೋದು. ನನ್ನ 0.8 ಇದ್ದಿದ್ದಕ್ಕೆ ಇದನ್ನೇ ಮಾಡ್ದೆ, ಮೂರು ಸಂಜೆ ಹಿಡೀತು, ಅಲಗಿನ ಮೇಲೆಲ್ಲ ಗೀರು, ಫೋಟೋಗೆ ಆಗದೇ ಇರೋ ಮುಖ, ಆದ್ರೆ ಈಗ ರಟ್ಟು ಕುಯ್ಯುತ್ತೆ, ಒಪಿನೆಲ್ ಅಷ್ಟಲ್ಲ.

ಒಪಿನೆಲ್ಲೂ ದೇವ್ರು ಕೊಟ್ಟಿದ್ದೇನಲ್ಲ ಬಿಡಿ. 1890ರಿಂದ ಮಾಡ್ತಿದಾರೆ, ತಿರುಗಿಸೋ ಬಳೆ ಲಾಕ್ ಬಂದಿದ್ದು 1955ರಲ್ಲಿ, ಮರದ ಹಿಡಿ ಒದ್ದೆಯಾದ್ರೆ ಉಬ್ಬಿ ಅಲಗು ಹೊರಗೇ ಬರಲ್ಲ, ಹಿಡಿಯ ಹಿಂಭಾಗವನ್ನ ಟೇಬಲಿಗೆ ಕುಟ್ಟಿ ತೆಗೀಬೇಕು, ಒಂದೇ ಕೈಲಿ ತೆರೆಯೋದಂತೂ ಕನಸು.

ತೆರೆಯುವಾಗ ಗರಗರ ಅಂದ್ರೆ ಬೇರಿಂಗಲ್ಲಿ ಧೂಳು ಕೂತಿದೆ, ಬಿಚ್ಚಬೇಕು, ಸಾಮಾನ್ಯವಾಗಿ ಟಿ6, ಟಿ8 ಟಾರ್ಕ್ಸ್ (ನಕ್ಷತ್ರದ ಆಕಾರದ ತುದಿಯ) ಬಿಟ್ ಸಾಕು. ಅಗ್ಗದ ಬಿಟ್ ತಗೋಬೇಡಿ, ಸ್ಕ್ರೂ ತಲೆ ಕಿತ್ತೋಗುತ್ತೆ, ಸ್ಕ್ರೂ ಜಗ್ಗದಿದ್ರೆ ಅಂಟು ಹಾಕಿರ್ತಾರೆ ಅಂತ, ಸಾಲ್ಡರಿಂಗ್ ಐರನ್ ತುದಿ ಒಂದರ್ಧ ನಿಮಿಷ ಇಟ್ಟು ಬಿಸಿ ಮಾಡಿದ್ರೆ ಬಿಡುತ್ತೆ. ಬಿಚ್ಚಿದ್ಮೇಲೆ ಬಿಳಿ ಬಟ್ಟೆ ಹಾಸಿ ಕೂತ್ಕೊಳ್ಳಿ, ಆ ಗುಂಡುಗಳು ಒಂದ್ಸಲ ನೆಲಕ್ಕೆ ಬಿದ್ರೆ ಮತ್ತೆ ಸಿಗಲ್ಲ.

ಇಷ್ಟು ಮಾಡಿದ್ಮೇಲೂ ಕೈ ಅದ್ರ ಕಡೆ ಹೋಗಲ್ಲ ಅಂದ್ರೆ ಮಾರ್ಬಿಡಿ, ಹೈಪ್ ಇನ್ನೂ ಬಿಸಿ ಇರುವಾಗ್ಲೇ, ಆರು ತಿಂಗಳಿಗೆ ಹೊಸ ಮಾಡೆಲ್ ಬಂದು ಇದನ್ನ ಕೇಳೋರಿರಲ್ಲ. ಮಾರುವಾಗ ಸಾಣೆ ಹಿಡಿದಿದೀನಿ, ಬಿಚ್ಚಿದೀನಿ, ಬಾಯಿ ಹಿಂದಿನ ದಪ್ಪ ಇಷ್ಟಿದೆ ಅಂತ ಬರೆದು ಕ್ಯಾಲಿಪರ್ ಇಟ್ಟ ಫೋಟೋನೂ ಹಾಕಿ. ನಂದು ಹಾಕ್ದೆ, ಎರಡು ವಾರ ಆಯ್ತು, ಬಂದ ಮೆಸೇಜಲ್ಲೆಲ್ಲ ಕೇಳಿರೋದು ಒಂದೇ, ಆಕ್ಷನ್ ಹೆಂಗಿದೆ ಬ್ರೋ.